ಹೊಂಬಾಳಮ್ಮನ ಬೋಗುಣಿ ವಾಪಸು ಹೋದದ್ದು

ಒಂದಾನೊಂದು ಊರಿನಲ್ಲಿ ಜವರಯ್ಯ ಅಂತ ಒಬ್ಬ ಇದ್ದ. ಯಾವ ಊರು ಅಂತ ಕೇಳಬೇಡಿ. ಊರಿಗೆ ಒಂದು ಹೆಸರಿತ್ತು, ಚೆನ್ನಾಗೇ ಇತ್ತು. ಎಲ್ಲರೂ ಕರೆದೂ ಕರೆದೂ ಅದು ಸವೆದು ಹೋದೀತು ಅಂತ ಜವರಯ್ಯ ಅದನ್ನ ಬಟ್ಟೆಯಲ್ಲಿ ಗಂಟು ಕಟ್ಟಿ ಅಟ್ಟದ ಮೇಲೆ ಇಟ್ಟುಬಿಟ್ಟ. ಹೂಂ ಅನ್ರೋ! ಕತೆ ಕೇಳೋರು ಹೂಂಗುಟ್ಟಬೇಕು. ನಾನೇನು ಒಲೆಕಲ್ಲಿಗೆ ಹೇಳ್ತಾ ಇದ್ದೀನಾ?

ಹ್ಞಾ, ಹಾಗೆ.

ಜವರಯ್ಯ ಕೆಟ್ಟವನಲ್ಲ. ಕೈ ಸ್ವಲ್ಪ ಬಿಗಿ, ಅಷ್ಟೆ. ಉಪ್ಪನ್ನ ಒಂದು ಚಿಂದಿಯಲ್ಲಿ ಕಟ್ಟಿ, ಸಾರಿನಲ್ಲಿ ಒಂದು ಸಲ ಅದ್ದಿ, ತೆಗೆದು ಹಿಂಡಿ ಬಿಸಿಲಿಗೆ ಒಣಗಿಹಾಕ್ತಿದ್ದ. ಸೀನು ಬಂದರೆ ಸುಮ್ಮನೆ ಸೀನ್ತಿರಲಿಲ್ಲ. ಗಡಿಗೆಯೊಳಕ್ಕೆ ಸೀನಿ ಬಾಯಿ ಕಟ್ಟಿ ಇಡ್ತಿದ್ದ, ಮುಂದೆ ಸೀನಿಗೆ ಬರ ಬಂದರೆ ಆದೀತು ಅಂತ. ಸಂಜೆ ದೀಪ ಹಚ್ಚಿದರೆ ಗಂಡ ಹೆಂಡತಿ ಇಬ್ಬರಲ್ಲಿ ಒಬ್ಬರು ಕಣ್ಣು ಮುಚ್ಚಿಕೊಂಡಿರಬೇಕು. ಇಬ್ಬರೂ ನೋಡಿದರೆ ಬೆಳಕು ಬೇಗ ಮುಗಿಯುತ್ತೆ ಅಂತಿದ್ದ. ಮಕ್ಕಳೆಷ್ಟು ಅಂತೀರಾ? ಮಕ್ಕಳಿರಲಿಲ್ಲ. ಈಗಲೇ ಯಾಕೆ, ಮುಂದಕ್ಕಿರಲಿ ಅಂತ ಉಳಿಸಿಟ್ಟಿದ್ದ.

ಅವನ ಹೆಂಡತಿ ದ್ಯಾವಮ್ಮ. ಅವಳಿಗೆ ದಿನಕ್ಕೆ ಒಂಬತ್ತು ಪದ. ಬೆಳಗ್ಗೆ ‘ಎದ್ದೇಳಿ, ನೀರು ಕಾದಿದೆ’ ಅಂದರೆ ಮೂರು ಹೋಯ್ತು. ‘ಊಟಕ್ಕೆ ಬನ್ನಿ’ ಅಂದರೆ ಇನ್ನೆರಡು. ಉಳಿದ ನಾಲ್ಕು ಪದ ಹಿಡಕೊಂಡು ಆ ಹೆಂಗಸು ಇಡೀ ದಿನ ತಳ್ಳಬೇಕು. ಜವರಯ್ಯನಿಗೆಷ್ಟು ಪದ ಅಂತೀರಾ? ಅವನಿಗೆ ಮಿತಿ ಇಲ್ಲ. ಉಳಿತಾಯದ ಬುದ್ಧಿ ಹೇಳೋನು ಬಾಯಿ ಮುಚ್ಕೊಂಡಿದ್ರೆ ಆಗುತ್ತಾ?

ಪಾಪ, ದ್ಯಾವಮ್ಮನಿಗೆ ಇದ್ದದ್ದು ಪಕ್ಕದ ಮನೆ ಹೊಂಬಾಳಮ್ಮ ಒಬ್ಬಳೇ. ಎರಡು ಮನೆ ನಡುವೆ ಎದೆ ಮಟ್ಟದ ಮಣ್ಣಿನ ಗೋಡೆ. ಮಧ್ಯಾಹ್ನ ಕೆಲಸ ಮುಗಿದ ಮೇಲೆ ಆಚೆ ಕಡೆ ಹೊಂಬಾಳಮ್ಮ, ಈಚೆ ಕಡೆ ದ್ಯಾವಮ್ಮ. ಹೊಂಬಾಳಮ್ಮನ ಬಾಯಿ ಅಂದರೆ ಬಾಯಿ. ‘ಏನೇ ದ್ಯಾವಿ, ಇವತ್ತು ನಮ್ಮನೆ ಬೆಕ್ಕು ನನ್ನನ್ನೇ ಬೈತು ಕಣೆ, ಹಾಲು ನೀರಾಗಿದೆ ಅಂತ!’ ಅಂತ ಶುರು ಮಾಡಿದರೆ ಬಿಸಿಲು ಇಳಿಯೋತನಕ ನಿಲ್ಲಿಸ್ತಿರಲಿಲ್ಲ. ದ್ಯಾವಮ್ಮ ಗೋಡೆ ಮೇಲೆ ಗಲ್ಲ ಊರಿ ಕೇಳ್ತಿದ್ದಳು. ಆ ಒಂದು ಹೊತ್ತಿಗೋಸ್ಕರ ಅವಳು ಬೆಳಗ್ಗೆ ಏಳ್ತಿದ್ದಳು ಅಂದರೆ ಸುಳ್ಳಲ್ಲ. ಒಂಟಿಯಾಗಿರೋರ ಸಂಕಟ ಒಂಟಿಯಾಗಿರೋರಿಗೇ ಗೊತ್ತು. ನನಗೂ ಗೊತ್ತು, ಬಿಡಿ.

ಒಂದು ದಿನ ಹೊಂಬಾಳಮ್ಮ ಹಿತಕಿದ ಅವರೆಬೇಳೆ ಸಾರು ಮಾಡಿದಳು. ಒಂದು ಕಂಚಿನ ಬೋಗುಣಿ ತುಂಬ ಹಾಕಿ ಗೋಡೆ ಮೇಲಿಂದ ಕೊಟ್ಟಳು. ‘ತಿನ್ನು ದ್ಯಾವಿ, ನಿಮ್ಮೆಜಮಾನರಿಗೂ ಹಾಕು’ ಅಂದಳು. ಜವರಯ್ಯ ಆ ಸಾರನ್ನ ಮೂರು ದಿನ ಉಂಡ. ನಾಲ್ಕನೇ ದಿನ ಬೋಗುಣಿ ಮೂಸಿದ. ಐದನೇ ದಿನ ನೆನೆಸಿಕೊಂಡ. ಆರನೇ ದಿನ ದ್ಯಾವಮ್ಮ ಬೋಗುಣಿ ಬೆಳಗಿ ಇಟ್ಟು, ‘ಒಂದಚ್ಚು ಬೆಲ್ಲ ಹಾಕ್ಕೊಡ್ಲಾ?’ ಅಂದಳು.

ನಮ್ಮಲ್ಲಿ ಪದ್ಧತಿ ಗೊತ್ತಲ್ಲ. ಯಾರಾದರೂ ಪಾತ್ರೆಯಲ್ಲಿ ಏನಾದರೂ ಕೊಟ್ಟರೆ ಆ ಪಾತ್ರೆ ಬರಿದು ವಾಪಸು ಕೊಡಬಾರದು. ಏನೂ ಇಲ್ಲದಿದ್ದರೆ ಚಿಟಿಕೆ ಸಕ್ಕರೆಯಾದರೂ ಹಾಕಿ ಕೊಡಬೇಕು. 

ಜವರಯ್ಯ ಹೌಹಾರಿಬಿಟ್ಟ. ‘ಬೆಲ್ಲಾನಾ! ಲೇ ದ್ಯಾವಿ, ನಾವು ಬೆಲ್ಲ ಕೊಟ್ಟರೆ ಅವರು ಮತ್ತೆ ಸಾರು ಕೊಡ್ತಾರೆ. ಅವರು ಸಾರು ಕೊಟ್ಟರೆ ನಾವು ಮತ್ತೆ ಬೆಲ್ಲ ಕೊಡಬೇಕು. ಇದಕ್ಕೆ ಕೊನೆ ಎಲ್ಲಿ?’

ಕೊನೆ ಯಾಕೆ ಬೇಕು ಅಂತ ದ್ಯಾವಮ್ಮನಿಗೆ ಕೇಳಬೇಕು ಅನ್ನಿಸಿತು. ಅವತ್ತಿನ ಪದ ಮುಗಿದುಹೋಗಿತ್ತು.

‘ಹಾಗಾದ್ರೆ ಬರಿದೇ ಕೊಟ್ಟುಬಿಡಬಹುದಿತ್ತಲ್ಲ’ ಅಂತೀರಿ. ಕೊಡೋ ಹಾಗಿಲ್ಲ! ಆ ಸೀಮೆಗೆ ಭರ್ತಿರಾಯ ಅಂತ ಒಬ್ಬ ರಾಜ. ಚಿಕ್ಕಂದಿನಲ್ಲಿ ಅವನು ಒಂದು ಖಾಲಿ ಗುಡಾಣದೊಳಕ್ಕೆ ತಲೆ ಹಾಕಿ ‘ಯಾರಲ್ಲಿ?’ ಅಂದನಂತೆ. ಒಳಗಿಂದ ‘ಯಾರಲ್ಲಿ?’ ಅಂತ ಬಂತು. ‘ನಾನು ರಾಜ!’ ಅಂದ. ‘ನಾನು ರಾಜ!’ ಅಂತು ಗುಡಾಣ. ಅವತ್ತಿಂದ ಖಾಲಿ ಪಾತ್ರೆ ಕಂಡರೆ ಅವನಿಗೆ ಕೈಕಾಲು ನಡುಕ. ಒಳಗೆ ಇನ್ನೊಬ್ಬ ರಾಜ ಕೂತವ್ನೆ, ಇವತ್ತೋ ನಾಳೆಯೋ ಎದ್ದು ಬರ್ತಾನೆ ಅಂತ ಭಯ. ಪಟ್ಟಕ್ಕೆ ಬಂದ ದಿನವೇ ಡಂಗುರ ಹೊಡೆಸಿದ: ಖಾಲಿ ಪಾತ್ರೆ ಮನೆಯಿಂದ ಮನೆಗೆ ದಾಟಬಾರದು. ದಾಟಿಸಿದವರ ತಲೆಗೆ ಅದೇ ಪಾತ್ರೆ ಬೋರಲು ಹಾಕಿ ಒಂದು ವರ್ಷ ಊರೆಲ್ಲ ತಿರುಗಿಸಿ! ಗೋಡೆಗೊಬ್ಬ ಕಾವಲುಗಾರನನ್ನ ಕೂರಿಸಿದ. ದಾಟೋ ಪಾತ್ರೆಯನ್ನೆಲ್ಲ ಅವನು ಕೋಲಿನಿಂದ ತಟ್ಟಿ ನೋಡೋನು. ಠಣ್ ಅಂದರೆ ಮುಗೀತು.

ಜವರಯ್ಯ ಯೋಚನೆ ಮಾಡಿದ. ಬೋಗುಣಿ ತುಂಬಬೇಕು, ಮನೆಯದು ಏನೂ ಹೋಗಬಾರದು. ಹಾಗಾದರೆ ಬಿಟ್ಟಿ ಸಿಗೋದನ್ನ ಹಾಕಬೇಕು.

ಮೊದಲು ಬಿಸಿಲು ತುಂಬಿದ. ಮಟಮಟ ಮಧ್ಯಾಹ್ನ ಬೋಗುಣಿಯನ್ನ ಅಂಗಳದಲ್ಲಿಟ್ಟು, ಬಿಸಿಲು ತುಂಬಿ ತುಳುಕೋ ಹೊತ್ತಿಗೆ ಗಬಕ್ಕನೆ ಮುಚ್ಚಳ ಹಾಕಿ ಗೋಡೆ ಹತ್ತಿರ ಓಡಿದ. ಕಾವಲುಗಾರ ಮುಚ್ಚಳ ತೆಗೆದ. ‘ಎಲ್ಲಯ್ಯ ಬಿಸಿಲು?’ ಅಂದ. ‘ಈಗ ತಾನೇ ಇತ್ತಲ್ಲ!’ ಅಂದ ಜವರಯ್ಯ. ದಾರಿಯುದ್ದಕ್ಕೂ ಸೋರಿಹೋಗಿತ್ತು.

ಆಮೇಲೆ ಹೊಂಬಾಳಮ್ಮನ ಅಡುಗೆಮನೆಯಿಂದ ಬರೋ ಒಗ್ಗರಣೆ ವಾಸನೆ ತುಂಬಿದ. ‘ಇದು ಅವರ ಮನೇದೇ. ಅವರದನ್ನ ಅವರಿಗೇ ಕೊಟ್ಟರೆ ಕೊಟ್ಟ ಹಾಗಾಗಲ್ಲ’ ಅಂದ ಕಾವಲುಗಾರ.

ಆಮೇಲೆ ಆಕಳಿಕೆ ತುಂಬಿದ. ಅದೇ ಎಡವಟ್ಟಾಗಿದ್ದು. ಕಾವಲುಗಾರ ಬೋಗುಣಿಯೊಳಕ್ಕೆ ಇಣುಕಿ ಆಕಳಿಸಿದ, ಕೂತಲ್ಲೇ ನಿದ್ದೆ ಹೋದ. ಅವನನ್ನ ನೋಡಿ ಓಣಿಯ ನಾಯಿ ಆಕಳಿಸಿತು. ನಾಯಿ ನೋಡಿ ಎಮ್ಮೆ, ಎಮ್ಮೆ ನೋಡಿ ಹೊಂಬಾಳಮ್ಮ. ಇಡೀ ಬೀದಿ ಎಂಟು ದಿನ ಮಲಗಿತ್ತು. ಈಗಲೇ ದಾಟಿಸಿಬಿಡೋಣ ಅಂತ ಜವರಯ್ಯ ಬೋಗುಣಿ ಎತ್ತಿದ. ಆದರೆ ಮಲಗಿರೋರಿಗೆ ಕೊಟ್ಟರೆ ಕೊಟ್ಟಿದ್ದಕ್ಕೆ ಸಾಕ್ಷಿ ಇಲ್ಲ. ಎದ್ದ ಮೇಲೆ ‘ಬೋಗುಣಿ ಎಲ್ಲಿ’ ಅಂತ ಇನ್ನೊಂದು ಕೇಳಿದರೆ? ಸುಮ್ಮನೆ ತಂದು ಮೂಲೆಯಲ್ಲಿಟ್ಟ.

ದ್ಯಾವಮ್ಮನ ಪಾಡು ಏನಾಯ್ತು ಅಂದರೆ, ಅವಳು ಗೋಡೆ ಹತ್ತಿರ ಹೋಗೋದನ್ನೇ ಬಿಟ್ಟಳು. ಯಾವ ಮುಖ ಇಟ್ಕೊಂಡು ಹೋಗ್ತಾಳೆ? ಹೊಂಬಾಳಮ್ಮ ಮೊದಮೊದಲು, ‘ಬೋಗುಣಿ ಇರ್ಲಿ ಬಾರೇ, ಏನವಸರ’ ಅಂತ ಕೂಗಿದಳು. ಆಮೇಲೆ, ‘ಏನೇ ದ್ಯಾವಿ, ನನ್ನ ಮೇಲೆ ಕೋಪಾನಾ?’ ಅಂದಳು. ದ್ಯಾವಮ್ಮ ಬಾಗಿಲ ಹಿಂದೆ ಸೆರಗು ಬಾಯಿಗಿಟ್ಕೊಂಡು ನಿಂತಿದ್ದಳು. ಆಮೇಲೆ ಹೊಂಬಾಳಮ್ಮನೂ ಕೂಗೋದು ಬಿಟ್ಟಳು. ದ್ಯಾವಮ್ಮನಿಗೆ ಬೇಕಾಗಿದ್ದು ಒಂದೇ ಒಂದು. ಬೋಗುಣಿ ವಾಪಸು ಹೋಗಬೇಕು, ತಾನು ಆ ಗೋಡೆ ಹತ್ತಿರ ಹೋಗಿ ನಿಂತ್ಕೋಬೇಕು. ಬೇರೆ ಏನನ್ನೂ ಅವಳು ಕೇಳ್ತಿರಲಿಲ್ಲ.

ಇತ್ತ ಬೋಗುಣಿಗೆ ಬಾಯಿ ಬಂತು. ಯಾಕೆ ಬರಬಾರದು? ಹೊಂಬಾಳಮ್ಮನ ಮನೆ ಪಾತ್ರೆ, ಹುಟ್ಟಿದಾಗಿಂದ ಮಾತು ಕೇಳ್ಕೊಂಡೇ ಬೆಳೆದದ್ದು. ‘ದ್ಯಾವಕ್ಕ, ನನ್ನ ಯಾವಾಗ ಮನೆಗೆ ಕಳಿಸ್ತೀಯ? ಇಲ್ಲಿ ನನಗೆ ಹೊತ್ತೇ ಹೋಗಲ್ಲ’ ಅಂತು ಒಂದು ದಿನ. 

‘ನನಗೂ’ ಅಂದಳು ದ್ಯಾವಮ್ಮ. ಒಂದು ಪದ.

ಬೋಗುಣಿ ಅತ್ತಿತು. ಅದು ಅಳೋದನ್ನ ನೋಡಿ ಇವಳಿಗೂ ಅಳು ಬಂತು. ಇಷ್ಟು ದಿನದ್ದೆಲ್ಲ ಒಟ್ಟಿಗೆ ಬಂತು. ಬೋಗುಣಿ ಕಂಠದ ತನಕ ತುಂಬಿತು. ಜವರಯ್ಯ ಓಡಿ ಬಂದ. ‘ಭಲೇ! ಕಣ್ಣೀರು! ಬಿಟ್ಟಿ!’ ಅಂತ ಕುಣಿದ. ಬೆರಳದ್ದಿ ನೆಕ್ಕಿ ನೋಡಿದ. ಮುಖ ಹುಳ್ಳಗಾಯ್ತು. ‘ಲೇ, ಉಪ್ಪಗಿದೆಯಲ್ಲೇ! ಉಪ್ಪು ಯಾರ ಮನೇದು? ನಮ್ಮನೇದು! ನನ್ನ ಕಣ್ತಪ್ಪಿಸಿ ಇಷ್ಟು ಉಪ್ಪು ತಿಂದಿದ್ದೀಯಾ?’ ಕಣ್ಣೀರನ್ನ ಬಾಣಲೆಗೆ ಸುರಿದು ಕಾಯಿಸಿ ಉಪ್ಪು ತೆಗೆದು ಚಿಂದಿಗೆ ಕಟ್ಟಿದ. ಅವತ್ತಿಂದ ಆ ಮನೆಯಲ್ಲಿ ಅಳೋದೂ ಬಂದ್. 

ನಗಬೇಡಿ. ಅಳೋಕೂ ಜಾಗ ಇಲ್ಲ ಅಂದರೆ ಮನುಷ್ಯರು ಎಲ್ಲಿಗೆ ಹೋಗಬೇಕು?

ಬೋಗುಣಿ ಮಾತಾಡ್ತದೆ ಅಂತ ಗೊತ್ತಾಗಿದ್ದೇ ತಡ, ಜವರಯ್ಯನಿಗೆ ಹೊಸ ಚಿಂತೆ ಹತ್ತಿಕೊಂಡಿತು. ‘ಮಾತಾಡುತ್ತೆ ಅಂದರೆ ಬಾಯಿದೆ. ಬಾಯಿದೆ ಅಂದರೆ ಮನೆಗೆ ಮೂರನೇ ಬಾಯಿ ಬಂದ ಹಾಗಾಯ್ತು. ಒಂದು ಬಾಯಿ ಹೆಚ್ಚಾದರೆ ಇನ್ನೊಂದು ಕಡೆ ಕಡಿಮೆ ಮಾಡಬೇಕು.’ ಎಲ್ಲಿ ಕಡಿಮೆ ಮಾಡೋದು ಅಂತ ಸುತ್ತ ನೋಡಿದ. ದ್ಯಾವಮ್ಮ ಮಲಗೋ ಚಾಪೆ ಕಣ್ಣಿಗೆ ಬಿತ್ತು. ಹುಣ್ಣಿಮೆಗೊಂದು ಗೇಣು ಆ ಚಾಪೆ ಕತ್ತರಿಸೋಕೆ ಶುರು ಮಾಡಿದ. ‘ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಹಿರಿಯರು ಹೇಳವ್ರೆ’ ಅಂದ. 

ದ್ಯಾವಮ್ಮ ಹಿರಿಯರ ಮಾತು ಮೀರೋಳಲ್ಲ. ಕಾಲು ಮಡಚಿಕೊಂಡಳು. ಅವಳ ಕಾಲೂ ಹಿರಿಯರ ಮಾತು ಮೀರೋದಲ್ಲ. ಬೆಳಗ್ಗೆ ಎದ್ದಾಗ ಕಾಲೇ ಒಂದು ಗೇಣು ಗಿಡ್ಡ ಆಗಿತ್ತು. ಮುಂದಿನ ಹುಣ್ಣಿಮೆಗೆ ಇನ್ನೊಂದು ಗೇಣು. ಕಾಲು ಮುಗಿದ ಮೇಲೆ ಮೈ, ಮೈ ಗಿಡ್ಡ ಆದ ಮೇಲೆ ಅದಕ್ಕೆ ತಕ್ಕ ಹಾಗೆ ಕೈ, ತಲೆ, ಜಡೆ. ಜವರಯ್ಯ ಮಾತ್ರ ಚಾಪೆ ಸವೆಯುತ್ತೆ ಅಂತ ಮೊದಲಿಂದಲೂ ಗೋಡೆಗೊರಗಿ ಕೂತೇ ಮಲಗೋನು. ಅದಕ್ಕೆ ಅವನು ಇದ್ದ ಹಾಗೇ ಇದ್ದ.

ಅವನಿಗೆ ಖುಷಿಯೋ ಖುಷಿ. ಒಂದು ಸೀರೆಯಲ್ಲಿ ಹದಿನಾರು ಸೀರೆ ಆಯ್ತು. ಗೋಲಿ ಗಾತ್ರದ ಮುದ್ದೆಗೆ ಅವಳ ಹೊಟ್ಟೆ ತುಂಬಿತು. ‘ಇಷ್ಟು ಸಣ್ಣ ಬಾಯಿಗೆ ಒಂಬತ್ತು ಪದ ಯಾಕೆ, ಮೂರು ಸಾಕು’ ಅಂದ. ಅವಳು ಕಾಲಿಗೆ ಸಿಕ್ಕಾಳು ಅಂತ ನೆಲ ನೋಡ್ಕೊಂಡು ನಡೀತಿದ್ದ, ಅಷ್ಟು ಮಟ್ಟಿಗೆ ಅವನನ್ನ ಮೆಚ್ಚಬೇಕು.

ದ್ಯಾವಮ್ಮ ಒಂದು ಮಧ್ಯಾಹ್ನ ನಾಚಿಕೆ ಬಿಟ್ಟು ಗೋಡೆ ಹತ್ತಿರ ಹೋದಳು. ಹೊಂಬಾಳಮ್ಮನ ಮುಖವನ್ನಾದರೂ ನೋಡೋಣ ಅಂತ. ಎದುರಿಗೆ ಗೋಡೆ ಇತ್ತು. ತಲೆ ಎತ್ತಿ ನೋಡಿದಳು, ಗೋಡೆ ಮುಗೀಲೇ ಇಲ್ಲ. ಆಚೆ ಕಡೆ ಹೊಂಬಾಳಮ್ಮ ಬೆಕ್ಕಿನ ಜೊತೆ ಏನೋ ಮಾತಾಡ್ತಿದ್ದಳು. ‘ಹೊಂಬಾಳಕ್ಕಾ’ ಅಂತ ಇವಳು ಕೂಗಿದಳು. ಇರುವೆ ಒಂದು ತಿರುಗಿ ನೋಡಿತು, ಅಷ್ಟೆ.

ಹೂಂ ಅನ್ರೋ. ಯಾಕೆ ಸುಮ್ಮನಾದ್ರಿ?

ಒಂದು ಬೋಗುಣಿ ವರ್ಷವಾದರೂ ಖಾಲಿ ಬಿದ್ದಿದೆ ಅನ್ನೋ ಸುದ್ದಿ ಅರಮನೆಗೆ ಮುಟ್ಟಿತು. ಭರ್ತಿರಾಯ ಊಟ ಬಿಟ್ಟ, ನಿದ್ದೆ ಬಿಟ್ಟ. ವರ್ಷವಾಯ್ತು ಅಂದರೆ ಒಳಗಿರೋ ರಾಜ ಎಷ್ಟು ಬೆಳೆದಿರ್ತಾನೋ ಏನೋ! ಪಲ್ಲಕ್ಕಿ ಹತ್ತಿ ಜವರಯ್ಯನ ಅಂಗಳಕ್ಕೇ ಬಂದ. ಬೋಗುಣಿ ಕಡೆ ನೋಡದೆ ಮುಖ ಆ ಕಡೆ ತಿರುಗಿಸಿಕೊಂಡು, ‘ಏನಾದ್ರೂ ಹಾಕಿ ಕೊಟ್ಟುಬಿಡಯ್ಯ, ನಿನ್ನ ದಮ್ಮಯ್ಯ’ ಅಂದ. 

‘ಬುದ್ಧಿ, ನಮ್ಮನೇದು ಏನೂ ಹೋಗಬಾರದು’ ಅಂದ ಜವರಯ್ಯ.

‘ತಗೋ, ನನ್ನ ಕಿರೀಟ ಹಾಕಿ ಕೊಡು.’

‘ನೀವು ಕೊಟ್ಟ ಮೇಲೆ ಅದು ನಮ್ಮದಾಗುತ್ತೆ ಬುದ್ಧಿ. ನಮ್ಮದಾದ ಮೇಲೆ ಕೊಡೋಕೆ ನನಗೆ ಮನಸ್ಸು ಬರಲ್ಲ.’

‘ನಿನಗೆ ಕೊಡಲ್ಲ, ನಾನೇ ಹಾಕ್ತೀನಿ!’

‘ಹಾಗಾದ್ರೆ ನೀವು ಕೊಟ್ಟ ಹಾಗಾಯ್ತು, ನಾನು ಕೊಟ್ಟ ಹಾಗಾಗಲ್ಲ.’

ರಾಜ ಹಣೆ ಹಣೆ ಚಚ್ಚಿಕೊಂಡ. ‘ಸಂಜೆಯೊಳಗೆ ನಿನ್ನ ಮನೇಲಿರೋದು ಏನಾದ್ರೂ ಅದರಲ್ಲಿರಬೇಕು. ಇಲ್ಲದಿದ್ರೆ ಬೋಗುಣಿ ನಿನ್ನ ತಲೆ ಮೇಲೆ!’ ಅಂದ.

ಜವರಯ್ಯ ಮನೆಯೆಲ್ಲ ಹುಡುಕಿದ. ಉಪ್ಪಿನ ಚಿಂದಿ ಎತ್ತಿದ, ಇಟ್ಟ. ಸೀನಿನ ಗಡಿಗೆ ಎತ್ತಿದ, ಇಟ್ಟ. ಅಟ್ಟ ಹತ್ತಿ ಊರಿನ ಹೆಸರಿನ ಗಂಟು ಮುಟ್ಟಿದ, ಅದೂ ಬೇಡ ಅಂತ ಇಳಿದ. ಹೊತ್ತು ಇಳೀತಾ ಬಂತು. ಅಷ್ಟರಲ್ಲಿ ಅವನ ಪಂಚೆಯ ಅಂಚನ್ನ ಯಾರೋ ಜಗ್ಗಿದರು. ಕೆಳಗೆ ನೋಡಿದ. ಒಂದು ಗೇಣುದ್ದ ದ್ಯಾವಮ್ಮ. ಅವತ್ತಿನ ಮೂರೂ ಪದ ಬೆಳಗ್ಗೆಯಿಂದ ಹಾಗೇ ಇಟ್ಟುಕೊಂಡಿದ್ದಳು.

‘ನನ್ನ ಹಾಕಿ ಕೊಡಿ’ ಅಂದಳು.

ಜವರಯ್ಯ ಅವಳನ್ನೇ ನೋಡ್ತಾ ನಿಂತ. ಎಷ್ಟೋ ದಿನದ ಮೇಲೆ ನೋಡಿದ್ದು. ಏನೋ ಒಂದು ಥರ ಆಯ್ತು ಅವನಿಗೆ. ಆದರೆ ಬುದ್ಧಿ ಎಲ್ಲಿ ಬಿಡುತ್ತೆ? ‘ಅಲ್ಲವೇ ಮತ್ತೆ! ನೀನು ನಿನ್ನ ತೌರಿಂದ ಬಂದೋಳು. ನಿನ್ನ ಕೊಟ್ಟರೆ ನಮ್ಮನೇದು ಏನು ಹೋಯ್ತು? ಬೋಗುಣಿ ಬಾಯಿ ಒಂದು, ನಿನ್ನ ಬಾಯಿ ಒಂದು, ಎರಡು ಬಾಯಿ ಒಂದೇ ಸಲ ಕಡಿಮೆ!’ ಅಂದ. ಎತ್ತಿ ಬೋಗುಣಿಯಲ್ಲಿ ಕೂರಿಸಿದ. 

ಕಾವಲುಗಾರ ಕೋಲಿನಿಂದ ತಟ್ಟಿದ. ಠಣ್ ಅನ್ನಲಿಲ್ಲ. ದಾಟಿಸು ಅಂದ. ರಾಜ ಉಸ್ಸಪ್ಪಾ ಅಂತ ಪಲ್ಲಕ್ಕಿ ಹತ್ತಿದ.

ಹೊಂಬಾಳಮ್ಮ ಮುಚ್ಚಳ ತೆಗೆದಳು. ‘ಅಯ್ಯೋ ನನ್ನ ಕಂದ’ ಅಂತ ಎರಡೂ ಕೈಯಲ್ಲಿ ಎತ್ತಿಕೊಂಡಳು. ‘ನಿನ್ನನ್ನ ಹಾಕಿ ಕೊಡಬೇಕಿತ್ತೇನೇ? ಬೋಗುಣಿ ಮನೆ ಹಾಳಾಗ್ಲಿ, ನೀನು ಬರಿಗೈಲಿ ಬಂದಿದ್ರೆ ನಾನು ಬೇಡ ಅಂತಿದ್ನಾ?’

‘ಆಯ್ತಲ್ಲ, ನಡಿಯೇ ದ್ಯಾವಿ ಮನೆಗೆ’ ಅಂದ ಜವರಯ್ಯ.

‘ಎಲ್ಲಿಗೆ?’ ಅಂದಳು ಹೊಂಬಾಳಮ್ಮ. ‘ಬೋಗುಣಿಯಲ್ಲಿ ಬಂದದ್ದನ್ನ ಯಾರಾದ್ರೂ ವಾಪಸು ಕೇಳ್ತಾರಾ? ನಾನು ನಿನ್ನ ಹತ್ತಿರ ಸಾರು ವಾಪಸು ಕೇಳಿದ್ನಾ?’

ನ್ಯಾಯ ನ್ಯಾಯವೇ. ಜವರಯ್ಯ ಒಬ್ಬನೇ ಮನೆಗೆ ಬಂದ. ತಾನೇ ಮುದ್ದೆ ಮಾಡಿದ. ಗಂಟು ಗಂಟಾಯ್ತು. ಗಂಟಾಗಿದೆ ಅಂತ ಹೇಳೋಕೆ ಯಾರೂ ಇರಲಿಲ್ಲ. ನೆಲ ನೋಡ್ಕೊಂಡು ನಡೆಯೋ ಅಭ್ಯಾಸ ಆಗಿತ್ತಲ್ಲ, ಹಾಗೇ ನಡೆದ. ಕಾಲ ಕೆಳಗೆ ಯಾರೂ ಇರಲಿಲ್ಲ. ಮೂರು ದಿನ ಹೀಗೇ ಕಳೆದ. ನಾಲ್ಕನೇ ದಿನ ಅವನಿಗೆ ಅಳು ಬಂತು ಕಣ್ರೋ. ಉಪ್ಪು ಹೋಗುತ್ತೆ ಅಂತ ತಡೆದ. ತಡೆಯೋಕಾಗಲಿಲ್ಲ. 

ಆಗ ಹೊಳೀತು ಅವನಿಗೆ. ‘ಅವರ ಪಾತ್ರೆ ನಾನು ಬರಿದು ಕೊಡಬಾರದು ಅಂದರೆ ನನ್ನ ಪಾತ್ರೆಯನ್ನೂ ಅವರು ಬರಿದು ಕೊಡೋ ಹಾಗಿಲ್ಲ!’ ಓಡಿಹೋಗಿ ತನ್ನದೊಂದು ಬಟ್ಟಲು ತಗೊಂಡ. ಹುಟ್ಟಿದ ಮೇಲೆ ಮೊದಲ ಸಲ, ಒಂದು ಹಿಡಿ ಹುರುಳಿಕಾಳು ಹಾಕಿ ಗೋಡೆ ಮೇಲಿಟ್ಟ. ಇಟ್ಟು ಮರೆಯಲ್ಲಿ ನಿಂತ. ಬಟ್ಟಲು ವಾಪಸು ಬಂತು. ದ್ಯಾವಿ ಬಂದಳೇನೋ ಅಂತ ಮುಚ್ಚಳ ತೆಗೆದ. ಮಾವಿನಕಾಯಿ ಉಪ್ಪಿನಕಾಯಿ.

ಬಟ್ಟಲು ಸಾಲದು ಅಂತ ಬೇಸಿನ್ನು ಕಳಿಸಿದ. ಒಬ್ಬಟ್ಟು ಬಂತು. ತಪ್ಪಲೆ ಕಳಿಸಿದ. ಬಿಸಿಬಿಸಿ ಹೆಸರುಬೇಳೆ ಪಾಯಸ ಬಂತು. ಕೊಪ್ಪರಿಗೆ ಕಳಿಸಿದ, ಚಕ್ಕುಲಿ ಬಂತು. ಅಟ್ಟ ಖಾಲಿಯಾಯ್ತು, ಕಣಜ ಖಾಲಿಯಾಯ್ತು. ಊರಿನ ಹೆಸರೂ ಒಂದು ಚೆಂಬಿನಲ್ಲಿ ಹೋಯ್ತು. ಜವರಯ್ಯನಂಥ ದಾನಿ ಇನ್ನೊಬ್ಬ ಇಲ್ಲ ಅಂತ ಊರೆಲ್ಲ ಹೊಗಳಿತು. ಅವನು ಬಂದದ್ದನ್ನೆಲ್ಲ ಒಬ್ಬನೇ ಕೂತು ತಿಂದ. ಅಷ್ಟು ರುಚಿಯಾದ ಅಡುಗೆಯನ್ನ ಅಷ್ಟು ಬೇಜಾರಲ್ಲಿ ಯಾರೂ ತಿಂದಿರಲಿಕ್ಕಿಲ್ಲ.

‘ಬಾಗಿಲು ತೆಗೆದೇ ಇದೆಯಲ್ಲಯ್ಯ, ಹೋಗಿ ಕರೀಬಾರದಾ?’ ಅಂದ ಗೋಡೆ ಮೇಲಿನ ಕಾವಲುಗಾರ.

‘ಹೋಗಿ ಏನಂತ ಹೇಳಲಿ?’ ಅಂದ ಜವರಯ್ಯ. ಬಾಗಿಲ ಹಿಂದೆ ಪಂಚೆ ತುದಿ ಬಾಯಿಗಿಟ್ಕೊಂಡು ನಿಂತ.

ಅತ್ತ ಹೊಂಬಾಳಮ್ಮನ ಮನೆಯಲ್ಲಿ ದ್ಯಾವಮ್ಮ ಉದ್ದದ ಚಾಪೆ ಮೇಲೆ ಕಾಲು ಚಾಚಿ ಮಲಗಿ ಮಲಗಿ ಮೊದಲಿನಷ್ಟೇ ಆಗಿದ್ದಳು. ಪದಕ್ಕೆ ಮಿತಿ ಇಲ್ಲ. ಮಾತಾಡ್ತಾಳೆ, ನಗ್ತಾಳೆ, ಬೆಕ್ಕಿನ ಹತ್ತಿರ ಜಗಳ ಆಡ್ತಾಳೆ. ಆದರೆ ಗೋಡೆ ಮೇಲೆ ಪಾತ್ರೆ ಬಂದ ಸದ್ದಾದರೆ ಮಾತು ಅರ್ಧಕ್ಕೇ ನಿಲ್ಲಿಸಿ ಓಡ್ತಾಳೆ. ತಾನೇ ಮುಚ್ಚಳ ತೆಗೀತಾಳೆ. ಪಾತ್ರೆ ದೊಡ್ಡದಾದಷ್ಟೂ ಅವಳ ಮುಖ ಅರಳುತ್ತೆ. ಹುರುಳಿ ಸರಿಸಿ ನೋಡ್ತಾಳೆ, ರಾಗಿ ಸರಿಸಿ ನೋಡ್ತಾಳೆ, ತಳದ ತನಕ ಕೈ ಹಾಕಿ ನೋಡ್ತಾಳೆ.

‘ಇದರಲ್ಲೂ ಅವರಿಲ್ಲ ಕಣಕ್ಕ’ ಅಂತಾಳೆ.

ಮನೇಲಿದ್ದದ್ದನ್ನೆಲ್ಲ ಜವರಯ್ಯ ಕಳಿಸಿದ. ತನ್ನೊಬ್ಬನನ್ನ ಉಳಿಸಿಕೊಂಡ.

ಈಗ ಕಂಚುಗಾರನ ಹತ್ತಿರ ಹೋಗಿ ಆಳುದ್ದದ ಹಂಡೆ ಮಾಡಿಸ್ತಾ ಇದ್ದಾನಂತೆ, ಹೆಂಡತಿ ಅದರಲ್ಲಾದರೂ ಹಿಡಿದಾಳು ಅಂತ. ಕತೆಯ ನೀತಿ ಏನು ಅಂತೀರಾ? ಸಂಸಾರಸ್ಥರು ಹೆಂಡತಿಗಿಂತ ದೊಡ್ಡದೊಂದು ಪಾತ್ರೆ ಮೊದಲೇ ಮಾಡಿಸಿ ಇಟ್ಟಿರಬೇಕು. ಇನ್ನೇನಿರುತ್ತೆ ನೀತಿ! ಅವಳು ಗೋಡೆಯ ಆ ಕಡೆ, ಅವನು ಗೋಡೆಯ ಈ ಕಡೆ, ನಾವು ಒಲೆಯ ಸುತ್ತ. ಹೇಳಿದ ಬಾಯಿಗೆ ನೀರು ಕೊಡಿ, ಕೇಳಿದ ಕಿವಿಗೆ ನಿದ್ದೆ ಬರಲಿ.